ಅತ್ತೆಯ ತಲೆಗೆ ಲೋಳೆಸರ

ಅಜ್ಜಮ್ಮ ನಲ್ಲೂರಿನಿಂದ ಜಗಳೂರಿಗೆ ಸೊಸೆಯಾಗಿ ಬಂದಾಗ ಸೀರೆ ಕುಬಸದ ಗಂಟಿನ ಜೊತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಲೋಳೆಸರದ ಮರಿಯೊಂದನ್ನೂ ತಂದಿದ್ದಳು. ಅತ್ತೆ ಉಚ್ಚಂಗೆಮ್ಮ ಅದನ್ನು ನೋಡಿ ನಕ್ಕಳು: "ನಮ್ಮ ಸೀಮೇಲಿ ಮುಳ್ಳಿಗೇನು ಬರ ಅಂತ ಇದನ್ನ ಹೊತ್ಕಂಡು ಬಂದ್ಯವ್ವಾ?"

ಅಜ್ಜಮ್ಮ ಅದನ್ನು ಹಿತ್ತಿಲ ಗೋಡೆಯ ಬುಡದಲ್ಲಿ ನೆಟ್ಟಳು. ಮರಿಗೆ ಮರಿ ಹುಟ್ಟಿ ಗೋಡೆಯುದ್ದಕ್ಕೂ ಹಬ್ಬಿತು. ಎರೆದುಕೊಳ್ಳುವ ಮುಂಚೆ ಅಜ್ಜಮ್ಮ ಲೋಳೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ತಲೆಗೆ ಹಚ್ಚಿಕೊಳ್ಳುವಳು. ಬಿಸಿಲಿಗೆ ಮುಖ ಕಂದಿದರೆ ಹಸಿ ಲೋಳೆ ಸವರಿಕೊಳ್ಳುವಳು.

"ನನ್ನ ಮಗ ನೋಡಿದ್ರೆ ಕುರಿ ಹಿಂದೆ ಊರೂರು ಅಲೀತಾನೆ. ಯಾರಿಗೆ ತೋರ್ಸಾಕೆ ಈ ಸಿಂಗಾರ?"

"ಯಾರಿಗೂ ಅಲ್ಲತ್ತೆ. ತಂಪಾಗ್ತೈತೆ, ಅಷ್ಟೆ."

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಹಿಂದೆ ಕಟ್ಟಿದ ಒಲೆಯಲ್ಲಿ ಇದ್ದಿಲು ಉರಿಸಿ, ಅದರ ಹೊಗೆಯ ಬಲದಿಂದ ಓಡುತ್ತಿದ್ದವು. ಒಂದು ಮಧ್ಯಾಹ್ನ ಅವರ ಮನೆ ಮುಂದೆಯೇ ಬಸ್ಸು ಕೆಟ್ಟು ನಿಂತಿತು. ಡ್ರೈವರ್ ಬಂಗಾರಪ್ಪ ಹಿಂಬದಿಯ ಇದ್ದಿಲೊಲೆಯ ಮುಚ್ಚಳ ತೆಗೆದದ್ದೇ ತಡ, ಬೆಂಕಿಯ ಝಳ ಮುಂಗೈಗೆ ಬಡಿಯಿತು. "ಅಯ್ಯೋ ಶಿವನೇ!" ಎಂದು ಅಲ್ಲೇ ಕುಸಿದ.

ಎಲ್ಲರಿಗಿಂತ ಮೊದಲು ಹಿತ್ತಿಲಿಗೆ ಓಡಿದವಳು ಉಚ್ಚಂಗೆಮ್ಮ. ದಪ್ಪ ಎಲೆಯೊಂದನ್ನು ಮುರಿದು ತಂದು ಹಾಗೇ ಒತ್ತಲು ಹೋದಳು.

"ತಡೀರಿ ಅತ್ತೆ, ಹಳದಿ ರಸ ಸೋರಿ ಹೋಗ್ಲಿ. ಅದು ತಾಗಿದ್ರೆ ಕೆರೆತ ಬರ್ತೈತೆ."

ಅಜ್ಜಮ್ಮ ಸುಟ್ಟ ಕೈಗೆ ಕೊಡದಿಂದ ತಣ್ಣೀರು ಹೊಯ್ಯುತ್ತಲೇ ಇದ್ದಳು. ಆಮೇಲೆ ಎಲೆ ತೊಳೆದು, ಸಿಪ್ಪೆ ಸುಲಿದು, ಗಾಜಿನಂಥ ತಿರುಳನ್ನು ಮೆಲ್ಲಗೆ ಹೊದಿಸಿದಳು. ಹಲ್ಲು ಕಚ್ಚಿ ಕೂತಿದ್ದ ಬಂಗಾರಪ್ಪ ಉಸಿರು ಬಿಟ್ಟ.

"ಉರಿ ಇಳೀತು ತಾಯಿ."

"ನಮ್ಮ ಸೊಸೆ ಕೈಗುಣ ಹಂಗೈತಪ್ಪಾ!" ಎಂದು ಉಚ್ಚಂಗೆಮ್ಮ ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಿದಳು. ಅಜ್ಜಮ್ಮ ನಾಚಿ ಸೆರಗು ಎಳೆದುಕೊಂಡಳು.

ಬಸ್ಸು ಹೋದ ಮೇಲೆ ಉಚ್ಚಂಗೆಮ್ಮ ಕಟ್ಟೆಯ ಮೇಲೆ ಕೂತು ತುರುಬು ಬಿಚ್ಚಿದಳು. ಹಿಡಿಗೂ ಸಿಗದಷ್ಟು ತೆಳ್ಳನೆಯ ನರೆಗೂದಲು.

"ಉಳಿದ ಲೋಳೆ ಎಸೀಬ್ಯಾಡ. ನನ್ನ ತಲೆ ಯಾಕೋ ಭಾಳ ಉರೀತೈತೆ."

ಅಜ್ಜಮ್ಮ ನಗು ನುಂಗಿಕೊಂಡು ಹಿಂದೆ ಕೂತಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ತಲೆ ಮುಟ್ಟಿದ್ದು ಅದೇ ಮೊದಲು.

"ಕೂದ್ಲು ಕಪ್ಪಾಗ್ತಾವೇನೇ?"

"ಕಪ್ಪಾಗಲ್ಲತ್ತೆ. ಮೆತ್ತಗಾಗ್ತಾವೆ."

"ಆಗ್ಲಿ ಬಿಡು. ಇನ್ನೊಂದೀಟು ತಿಕ್ಕು."

ಕುರಿ ಮೇಯಿಸಿಕೊಂಡು ಮಗ ಕಲ್ಲೇಶಪ್ಪ ಊರಿಗೆ ಮರಳಿದಾಗ, ಊಟಕ್ಕೆ ಕೂತವನು ತಾಯಿಯನ್ನೇ ನೋಡಿದ. "ಏನವ್ವಾ, ತಲೆ ಹಿಂಗೆ ಮಿಂಚ್ತೈತೆ?"

"ಸುಮ್ನೆ ಉಣ್ಣೋ" ಎಂದು ಉಚ್ಚಂಗೆಮ್ಮ ಗದರಿಸಿದಳು. ಒಲೆಯ ಮುಂದೆ ನಗು ತಡೆಯಲಾಗದೆ ಕೂತ ಅಜ್ಜಮ್ಮನ ರೊಟ್ಟಿ ಸೀದು ಹೋಯಿತು.