ಮೂರು ಹೊಲಿಗೆಯ ಜಂಪರ್

ಒಂದು ಸರಳ ಪ್ರಶ್ನೆಯಿಂದ ಶುರು ಮಾಡುತ್ತೇನೆ. ತನ್ನ ಮೈಗೆ ಸರಿಯಾಗುವ ಬಟ್ಟೆ ಹಾಕಿಕೊಳ್ಳಲು ಹೆಣ್ಣುಮಗಳೊಬ್ಬಳು ಯಾರ್ಯಾರ ಅಪ್ಪಣೆ ಪಡೆಯಬೇಕು? ನೀವು ನಗಬಹುದು. ಇಳಕಲ್ಲಿನ ನಮ್ಮ ಓಣಿಯಲ್ಲಿ ಬೆಳೆದಿದ್ದರೆ ನಗುತ್ತಿರಲಿಲ್ಲ.

ಸಾಲಿಗೆ ಹೋಗುವಾಗ ನನ್ನ ಯುನಿಫಾರ್ಮಿನ ಲಂಗ ಮೊದಲ ವರ್ಷ ಮೀನಖಂಡದ ಕೆಳಗೆ ಜೋಲುತ್ತಿತ್ತು. ಅವ್ವ ಅದರ ಅಂಚನ್ನು ದಪ್ಪಗೆ ಒಳಗೆ ಮಡಚಿಸಿ ಹೊಲಿಸುತ್ತಿದ್ದಳು. “ಬೆಳಿಯೋ ಹುಡುಗಿ” ಎನ್ನುವುದು ಕಾರಣ. ಪ್ರತಿ ವರ್ಷ ಮಡಿಕೆ ಒಂದಿಷ್ಟು ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿದಲ್ಲಿ ಬಿಸಿಲು ಕಾಣದ ಗಾಢ ನೀಲಿ ಪಟ್ಟಿ, ಮೇಲೆಲ್ಲ ಬಣ್ಣ ಹೋದ ನೀಲಿ, ನಡುವೆ ಹಳೆಯ ಮಡಿಕೆಯ ಬಿಳಿ ಗೆರೆ. ಲಂಗ ನನ್ನ ಅಳತೆಗೆ ಬರುವ ಹೊತ್ತಿಗೆ ಕುಂತಲ್ಲಿ ತೆಳ್ಳಗಾಗಿ ಮಸಿ ಅರಿವೆಯಾಗಲು ತಯಾರಾಗಿರುತ್ತಿತ್ತು. ಹೊಸದಿದ್ದಾಗ ಅದು ನನ್ನದಲ್ಲ, ನನ್ನದಾದಾಗ ಅದು ಹೊಸದಲ್ಲ. ಇದನ್ನು ಉಳಿತಾಯ ಎನ್ನುತ್ತಾರೆ.

ಹುನಗುಂದದಲ್ಲಿ ಮೊದಲ ಬಾರಿ ಚರ್ಚಾಸ್ಪರ್ಧೆಗೆ ನಿಂತಾಗ ನನ್ನ ಅಂಗಿಯ ತೋಳು ಬೆರಳು ಮುಚ್ಚುತ್ತಿದ್ದವು. “ಮಾನ್ಯ ನಿರ್ಣಾಯಕರೇ” ಎಂದು ಕೈ ಎತ್ತಿದೆ. ಕೈ ಕಾಣಲಿಲ್ಲ. ಮುಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗ ಪಕ್ಕದವನಿಗೆ ಕೇಳಿಸುವಂತೆ, ಅಂದರೆ ಇಡೀ ಸಭೆಗೆ ಕೇಳಿಸುವಂತೆ, “ಲೇ, ಅಂಗೀನ ಭಾಷಣ ಮಾಡಾಕತ್ತೈತಲೇ! ಹುಡುಗಿ ಎಲ್ಲದಾಳ?” ಎಂದ. ಆವತ್ತು ಬಹುಮಾನ ನನಗೇ ಬಂತು. ಆ ನಗು ಮಾತ್ರ ಇವತ್ತಿಗೂ ಕಿವಿಯಲ್ಲಿದೆ, ಮತ್ತು ಸಿಟ್ಟು ಆ ಹುಡುಗನ ಮೇಲಲ್ಲ. ಅವನು ಕಂಡದ್ದನ್ನು ಹೇಳಿದ.

ಸರಿ, ಬೆಳೆಯುವ ಮಕ್ಕಳ ಬಟ್ಟೆಗೆ ಒಂದು ತರ್ಕವಿದೆ ಎಂದು ಒಪ್ಪೋಣ. ಮಕ್ಕಳು ಬೆಳೆಯುತ್ತಾರೆ, ಅದಕ್ಕೆ ಸಾಕ್ಷಿ ಬೇಕಿಲ್ಲ. ಆದರೆ ನಾನು ಬೆಳೆಯುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾದವು. ಬಾಗಲಕೋಟೆಯಲ್ಲಿ ಬಾಡಿಗೆ ಕೋಣೆ ಹಿಡಿದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತೇನೆ. ಆದರೂ ನನ್ನ ಪ್ರತಿ ಜಂಪರಿನ, ಅಂದರೆ ರವಿಕೆಯ, ಒಳಗೆ ಎರಡೂ ಬದಿ ಮುಂದೆ ಬಿಚ್ಚಲೆಂದು ಬಿಟ್ಟ ದಪ್ಪನೆಯ ಮಾರ್ಜಿನ್ ಉಳಿದೇ ಇತ್ತು. ಈಗ ಕಾರಣ ಬದಲಾಗಿತ್ತು. “ಲಗ್ನ ಆದಮ್ಯಾಲೆ ಮೈ ತುಂಬ್ಕೋತಿ.” ಅತ್ತೆಯೊಬ್ಬಳು ಬಂದವಳು ನನ್ನ ರಟ್ಟೆ ಹಿಡಿದು ನೋಡಿ, “ಈಗ ಹಿಂಗದಾಳ, ಒಂದು ಬಾಣಂತನ ಆಗ್ಲಿ, ನೋಡ್ರಿ ಹೆಂಗಾಗ್ತಾಳ” ಎಂದು ಸಂತೆಯಲ್ಲಿ ಕರು ನೋಡುವವರ ಹಾಗೆ ತಲೆಯಾಡಿಸಿದ್ದಳು. ಗಂಡು ಗೊತ್ತಾಗಿಲ್ಲ, ಲಗ್ನವಾಗಿಲ್ಲ, ಮಗುವಿನ ಸುದ್ದಿಯಂತೂ ದೂರ. ಜಂಪರ್ ಮಾತ್ರ ಎಲ್ಲಕ್ಕೂ ತಯಾರು.

ಹೊಲಿಗೆ ಗೊತ್ತಿಲ್ಲದವರು ಕೇಳಬಹುದು, ಒಳಗೆ ಒಂದಿಷ್ಟು ಬಟ್ಟೆ ಇದ್ದರೆ ನಿನಗೇನು ತ್ರಾಸು? ಹೇಳುತ್ತೇನೆ. ನಮ್ಮ ಕಡೆ ಜಂಪರಿಗೆ ತರುವ ಖಣ ದಪ್ಪ ಬಟ್ಟೆ, ಮೈತುಂಬ ನೇಯ್ದ ಹೂ. ಅದನ್ನು ಬಗಲ ಕೆಳಗೆ ಮಡಚಿ ಮಡಚಿ ಇಟ್ಟರೆ ಎರಡೂ ಕಡೆ ಹಗ್ಗದಂಥ ಉಬ್ಬು. ನಮ್ಮ ಕಡೆಯ ಬಿಸಿಲಿನಲ್ಲಿ ಆ ಉಬ್ಬಿನ ಮೇಲೆ ತೋಳು ಉಜ್ಜಿ ಉಜ್ಜಿ ಚರ್ಮ ಕೆಂಪಗಾಗಿ ಸುಲಿಯುತ್ತದೆ. ತೋಳು ಮೈಗೆ ಅಂಟಿ ಕೂಡುವುದಿಲ್ಲ. ಬದಿಯಲ್ಲಿ ಹೂವಿನ ಸಾಲು ಸೊಟ್ಟಗಾಗುತ್ತದೆ. ನೋಡಿದವರಿಗೆ ಅದು ಯಾರದೋ ಬಟ್ಟೆ ಎಸೆದುಕೊಟ್ಟಂತೆ ಕಾಣುತ್ತದೆ. ಹೌದಲ್ಲ, ಯಾರದೋ ಬಟ್ಟೆಯೇ. ಇನ್ನೂ ಹುಟ್ಟದ ದಪ್ಪನೆಯ ಹೆಂಗಸೊಬ್ಬಳದು.

ನನ್ನನ್ನು ದುಂದುಗಾತಿ ಎಂದುಕೊಳ್ಳಬೇಡಿ. ಉಳಿತಾಯದಲ್ಲಿ ನಾನು ಅವ್ವನಿಗಿಂತ ಒಂದು ಕೈ ಮೇಲು. ಅಪ್ಪನ ಹಳೆಯ ಧೋತರಕ್ಕೆ ದಾಳಿಂಬೆ ಸಿಪ್ಪೆಯ ಬಣ್ಣ ಹಾಕಿ ಓಢಣಿ ಮಾಡಿಕೊಂಡಿದ್ದೇನೆ. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಅಂಗಿಗಳಲ್ಲಿ ಕೈಹಾಕಿ, ಒಂದೇ ಒಂದು ಒಳ್ಳೆಯ ಹತ್ತಿಯ ಅಂಗಿ ಸಿಕ್ಕಾಗ ಆಗುವ ಖುಷಿ ದೊಡ್ಡ ಅಂಗಡಿಯಲ್ಲಿ ನನಗೆ ಎಂದೂ ಆಗಿಲ್ಲ. ಹರಿದ ಚೀಲಕ್ಕೆ ಹಾಕಿದ ತೇಪೆಯನ್ನೇ ಕ್ಲಾಸಿನ ಹುಡುಗಿಯರು “ಮ್ಯಾಡಮ್, ಎಲ್ಲಿ ತೊಗೊಂಡ್ರಿ?” ಎಂದು ಕೇಳುತ್ತಾರೆ. ಹಳೆಯದನ್ನು ಇವತ್ತಿಗೆ ದುಡಿಸುವುದು ಉಳಿತಾಯ. ಇವತ್ತನ್ನು ಕೊಂಡಿಗೆ ಸಿಕ್ಕಿಸಿ ನಾಳೆಗಾಗಿ ತೂಗುಹಾಕುವುದಕ್ಕೆ ಬೇರೆ ಹೆಸರು ಬೇಕು.

ಇಷ್ಟು ವರ್ಷ ಸಹಿಸಿದವಳು ಈಗ ಸಿಡಿದದ್ದಕ್ಕೆ ಕಾರಣವಿತ್ತು. ನಾನು ಓದಿದ ಬಾಗಲಕೋಟೆಯ ಕಾಲೇಜಿನವರು ಒಂದು ಸೋಮವಾರದ ಚರ್ಚಾಸ್ಪರ್ಧೆಗೆ ನನ್ನನ್ನು ನಿರ್ಣಾಯಕಿಯಾಗಿ ಕರೆದರು. ಅಂಗಿಯೊಳಗೆ ಕಳೆದುಹೋಗಿದ್ದ ಹುಡುಗಿ ಮೇಜಿನ ಆ ಬದಿಗೆ ಕೂಡುವ ದಿನ. ಆವತ್ತು ನನ್ನ ಮೈಮೇಲೆ ನನ್ನ ಅಳತೆಯ ಬಟ್ಟೆ ಇರಬೇಕು ಎಂದು ಹಟ ಹಿಡಿದೆ. ಸೀರೆಯ ಚಿಂತೆಯಿರಲಿಲ್ಲ. ಅವ್ವನದೇ ಇತ್ತು, ಕಪ್ಪು ಒಡಲು, ಕೆಂಪು ಸೆರಗು, ಒಗೆದು ಒಗೆದು ಬೆಣ್ಣೆಯಂತಾದ ಇಳಕಲ್ ಸೀರೆ. ಸೀರೆ ದೊಡ್ಡ ಮನಸ್ಸಿನದು, ಉಟ್ಟವಳು ದಪ್ಪವೋ ತೆಳುವೋ ಎಂದು ಕೇಳುವುದಿಲ್ಲ. ತಕರಾರು ಇರುವುದು ಜಂಪರಿನದು.

ರಜೆಯ ದಿನ ಖಣ ನೇಯುವ ಗುಳೇದಗುಡ್ಡಕ್ಕೆ ಬಸ್ ಹತ್ತಿದೆ. ಪಡಸಾಲೆಯಲ್ಲೇ ಮಗ್ಗವಿದ್ದ ಒಂದು ಮನೆಯಲ್ಲಿ, ಆ ಖಟಖಟದ ನಡುವೆ ಕೂಗಿ ಕೂಗಿ ಮಾತಾಡುತ್ತ, ಗಿಣಿಹಸಿರಿನ ಖಣ ಆರಿಸಿದೆ. ಮೈತುಂಬ ಸಣ್ಣ ಹಳದಿ ಹೂ, ಕೆಂಪು ಅಂಚು. ಬಸ್ಸಿನಲ್ಲಿ ಕೂತು ಮಡಿಕೆ ಬಿಚ್ಚಿ ಹೊಸ ಬಟ್ಟೆಯ ವಾಸನೆ ನೋಡಿದೆ. ಪಕ್ಕದಲ್ಲಿದ್ದ ಮುದುಕಿ, “ಛಲೋ ಐತಿ ಬಿಡವ್ವ, ಲಗ್ನಕ್ಕೇನು?” ಎಂದಳು. “ಇಲ್ಲಬೇ, ಸೋಮವಾರಕ್ಕ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೆ ಪರಮ ಸಂತೋಷವಾಯಿತು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಮನೆಯಲ್ಲೇ ಮಷೀನು ಇಟ್ಟುಕೊಂಡು ಜಂಪರ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಅವರಿಗೆ ಬಿಡಿಸಿ ಹೇಳಿದೆ.

“ಅಕ್ಕಾರ, ಒಳಗ ಬಟ್ಟಿ ಬಿಡಬ್ಯಾಡ್ರಿ. ಹೊಲಿಗಿಗೆ ಎಷ್ಟು ಬೇಕೋ ಅಷ್ಟ ಇರ್ಲಿ.”

ಅಕ್ಕ ಟೇಪು ಕೊರಳಿಗೆ ಹಾಕಿಕೊಂಡು ನನ್ನನ್ನು ನೋಡಿದರು. “ನಿಮ್ಮವ್ವಗ ಗೊತ್ತೈತೇನು?”

“ಜಂಪರ್ ನಂದ್ರಿ.”

“ಜಂಪರ್ ನಿಂದ ಖರೆ ತಂಗಿ. ಬೈಸ್ಕೊಳ್ಳಾಕಿ ನಾನು.”

“ನಾ ಜವಾಬ್ದಾರ್ರಿ. ಬೇಕಾದ್ರ ಬರದ ಕೊಡ್ಲಿ?”

“ಏ ಹೋಗ ನಮ್ಮವ್ವ! ಬರದ ಕೊಡಾಕ ಇದೇನು ಹೊಲ ಮಾರಾಕತ್ತೀಯೇನು?” ಎಂದು ನಕ್ಕು, ಆಯಿತು ಎಂದರು.

ಭಾನುವಾರ ಊರಿಗೆ ಬಂದು ಜಂಪರ್ ತಂದೆ. ಮಾರನೆಯ ದಿನ ಸ್ಪರ್ಧೆ. ಮನೆಯಲ್ಲಿ ಹಾಕಿಕೊಂಡು ತೋಳು ಕೆಳಗಿಳಿಸಿದೆ. ಬಗಲಲ್ಲಿ ಅದೇ ಹಗ್ಗ. ಕಳೆದು, ಒಳಮೈ ಹೊರಗೆ ಮಾಡಿ ನೋಡಿದರೆ ಮಾರ್ಜಿನ್ ಎಂದಿಗಿಂತ ಅಗಲ. ಅದರ ಉದ್ದಕ್ಕೂ ಒಂದಲ್ಲ, ಸಾಲಾಗಿ ಮೂರು ಹೊಲಿಗೆ. ಮೊದಲನೆಯದು ಈಗಿನ ನನಗೆ. ಅದನ್ನು ಬಿಚ್ಚಿದರೆ ಎರಡನೆಯದು, ಲಗ್ನವಾದ ನನಗೆ. ಅದನ್ನೂ ಬಿಚ್ಚಿದರೆ ಮೂರನೆಯದು, ಬಾಣಂತನ ಮುಗಿದ ನನಗೆ. ಇಡೀ ಆಯುಷ್ಯವನ್ನು ಹಸಿರು ದಾರದಲ್ಲಿ ಗೆರೆ ಎಳೆದು ಇಟ್ಟಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಅಡುಗೆಮನೆಗೆ ನುಗ್ಗಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಅಕ್ಕಾರಿಗೆ ನೀ ಫೋನ್ ಮಾಡಿದ್ದೇನಬೇ?”

“ಮಾಡಿದ್ದೆ. ಏನೀಗ?” ಬಡಿಯುವುದು ನಿಲ್ಲಲಿಲ್ಲ.

“ಮೂರು ಹೊಲಿಗಿ ಹಾಕಸೀಯಲ್ಲ, ಮೂರನೇದು ಯಾರಿಗೆ?”

“ನಿನಗ. ಮತ್ತ ನಂಗೇನು?”

“ನಾ ಇಲ್ಲಿ ನಿಂತೀನಿ ನೋಡು. ನಂಗ ಹೊಲಿಸು. ಇನ್ನೂ ಬರಲಾರದಾಕಿಗೆ ಯಾಕ ಹೊಲಸ್ತಿ?”

“ಒಮ್ಮಿ ಹಾಕ್ಕೊಂಡು ಬಿಸಾಡಾಕ ರೇಷ್ಮಿ ಖಣ ತಂದೀಯೇನು? ನಾಳೆ ಬಿಗಿ ಆತಂದ್ರ ಏನ್ಮಾಡ್ತಿ?”

“ನಾಳೆ ಬಿಗಿ ಆದ್ರ ನಾಳೆ ಬ್ಯಾರೆ ಹೊಲಸ್ತೇನಿ. ಇವತ್ತ ಸಡ್ಲ ಐತಲ್ಲ, ಅದಕ್ಕೇನಂತಿ?”

“ಜಂಪರಿಗೆ ಮಾರ್ಜಿನ್ ಬ್ಯಾಡಂತಿ. ನಿನ್ನ ಬಾಯಿಗಿ ಮದ್ಲ ಇಲ್ಲ. ಒಂದಿಷ್ಟು ಒಳಗ ಮಡಚಿ ಇಟ್ಕೊಳ್ಳೋದು ಕಲಿ.”

ಮಾತು ಚೆನ್ನಾಗಿತ್ತು, ಒಪ್ಪುತ್ತೇನೆ. ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆ. ಆದರೆ ವಾದದಲ್ಲಿ ಎದುರಾಳಿ ಬೈಗುಳಕ್ಕೆ ಇಳಿದರೆ ಸಾಕ್ಷಿ ಮುಗಿದಿದೆ ಎಂದೇ ಅರ್ಥ. ನಾನು ಸಾಕ್ಷಿ ಕೇಳಿದೆ. “ನಮ್ಮ ಮನಿತನದ ಹೆಣ್ಮಕ್ಕಳು ಲಗ್ನ ಆದಮ್ಯಾಲೆ ತುಂಬ್ಕೋತಾರ ಅಂತೀಯಲ್ಲ. ನಿನ್ನ ಲಗ್ನದ ಜಂಪರ್ ತಗಿ. ಅದನ್ನ ಎಷ್ಟು ಬಿಚ್ಚೀಯೋ ನೋಡೋಣು.”

ಅವ್ವ ಕೈ ತೊಳೆಯಲಿಲ್ಲ. “ಟ್ರಂಕಿನಾಗ ಐತಿ. ನೀನ ತಗಿ” ಎಂದಳು.

ತೆಗೆದೆ. ನೇರಳೆ ಖಣ, ಮಡಿಕೆಗಳಲ್ಲಿ ಬಣ್ಣ ಸ್ವಲ್ಪ ಸತ್ತಿತ್ತು. ಒಳಮೈ ತಿರುವಿದೆ. ಮೂರು ಹೊಲಿಗೆ ಇದ್ದವು. ಮೂರೂ ಹಾಗೇ ಇದ್ದವು, ಒಂದು ಎಳೆಯೂ ಬಿಚ್ಚಿರಲಿಲ್ಲ. ಅಷ್ಟೇ ಆಗಿದ್ದರೆ ನಾನು ಗೆದ್ದೆನೆಂದು ಕುಣಿಯುತ್ತಿದ್ದೆ. ಆ ಮೂರರ ಒಳಗೆ, ಮೈಯ ಕಡೆಗೆ, ನಾಲ್ಕನೆಯದೊಂದಿತ್ತು. ಮಷೀನಿನದಲ್ಲ, ಕೈಹೊಲಿಗೆ. ಅಂದರೆ ಬಿಗಿ ಮಾಡಲು ಹಿಡಿದದ್ದು. ಅವ್ವ ತುಂಬಿಕೊಂಡಿರಲಿಲ್ಲ, ಸೊರಗಿದ್ದಳು. ತನ್ನ ಲಗ್ನದ ಜಂಪರನ್ನು ತಾನೇ ಕೂತು ಸಣ್ಣದು ಮಾಡಿಕೊಂಡಿದ್ದಳು. ಬಿಚ್ಚಲೆಂದು ಬಿಟ್ಟ ಬಟ್ಟೆ ಇನ್ನಷ್ಟು ಅಗಲವಾಗಿತ್ತು.

ಅದನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ. “ಇದೇನಬೇ ಇದು?”

ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. “ದಪ್ಪ ಆಗಾಕ ಪುರಸೊತ್ತು ಬೇಕಲ್ಲ” ಎಂದಳು.

ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಿಸಿತು. ಅವಳ ರಟ್ಟೆಯನ್ನೂ ಯಾರೋ ಹೀಗೆಯೇ ಹಿಡಿದು ನೋಡಿದ್ದರು. ನೋಡುತ್ತಿರು, ತುಂಬಿಕೊಳ್ಳುತ್ತಾಳೆ ಎಂದಿದ್ದರು. ಆಮೇಲೆ ಎಲ್ಲರ ಊಟ ಮುಗಿದ ಮೇಲೆ ನಿಂತಲ್ಲೇ ಉಳಿದದ್ದನ್ನು ತಿನ್ನಲು ಬಿಟ್ಟಿದ್ದರು. ಹಾಗೆ ಹೇಳಿದವರಲ್ಲಿ ಒಬ್ಬರಾದರೂ ಬಂದು, ನಾವು ಹೇಳಿದ್ದು ಸುಳ್ಳಾಯಿತಲ್ಲ ಎಂದಿದ್ದಾರೆಯೇ? ಇಲ್ಲ. ಅದೇ ಭವಿಷ್ಯವನ್ನು ಈಗ ನನಗೆ ಹೇಳುತ್ತಿದ್ದಾರೆ. ಸುಳ್ಳಾದದ್ದನ್ನು ತನ್ನ ಕೈಯಿಂದಲೇ ಹೊಲಿದುಕೊಂಡವಳು ಅದನ್ನೇ ನನಗಾಗಿ ಫೋನು ಮಾಡಿ ಹೊಲಿಸುತ್ತಾಳೆ.

ಕತ್ತರಿ ತಂದೆ. ಅವ್ವ ಎದ್ದು ಬಂದಳು. ತಡೆಯುತ್ತಾಳೆ ಎಂದುಕೊಂಡೆ.

“ಹೊಲಿಗಿಗೆ ತೀರ ಹತ್ರ ಕತ್ತರಿಸಬ್ಯಾಡ. ಖಣ ಎಳಿ ಬಿಚ್ಚತೈತಿ. ಒಂದ ಬೆರಳಷ್ಟು ಬಿಡು.”

“ಮತ್ತ ಶುರು ಮಾಡಿದೇನು?”

“ಇದು ಹೊಲಿಗಿ ಮಾತು. ನಿನ್ನ ವಾದ ಅಲ್ಲ.”

ಒಂದು ಬೆರಳಷ್ಟು ಬಿಟ್ಟು ಕತ್ತರಿಸಿದೆ. ಎರಡನೆಯ ಹೊಲಿಗೆ ಹೋಯಿತು, ಮೂರನೆಯದು ಹೋಯಿತು. ನೆಲದ ಮೇಲೆ ಹಸಿರು ಪಟ್ಟಿಗಳು ಬಿದ್ದವು. ಅವ್ವ ಕನ್ನಡಕ ಹಾಕಿಕೊಂಡು, ಕತ್ತರಿಸಿದ ಅಂಚನ್ನು ಸೂಜಿಯಿಂದ ಸುತ್ತಿ ಹೊಲಿದಳು. ಹೊಲಿಯುತ್ತ ಉದ್ದಕ್ಕೂ ಬೈದಳು. ನನಗೆ, ನನ್ನ ಕಾಲೇಜಿಗೆ, ನನ್ನನ್ನು ಕರೆದವರಿಗೆ, ನನಗೆ ಮಾತು ಕಲಿಸಿದ ಮಾಸ್ತರಿಗೆ, ಯಾರನ್ನೂ ಬಿಡಲಿಲ್ಲ.

ಮರುದಿನ ಬೆಳಗಿನ ಬಸ್ಸಿನಲ್ಲಿ ಹುನಗುಂದ ದಾಟುವವರೆಗೆ ನಾನು ಬೇಕೆಂದೇ ಮೇಲಿನ ಕಂಬಿ ಹಿಡಿದು ನಿಂತಿದ್ದೆ, ಸೀಟು ಖಾಲಿ ಇದ್ದರೂ. ಕೈ ಎತ್ತಿದರೆ ಜಂಪರಿನ ತೋಳು ಕೈಯ ಜೊತೆಗೇ ಬರುತ್ತಿತ್ತು. ಇಳಿಸಿದರೆ ತೋಳು ಮೈಗೆ ಅಂಟಿ ಕೂಡುತ್ತಿತ್ತು. ಹಳದಿ ಹೂವಿನ ಸಾಲು ಬದಿಯಲ್ಲಿ ನೆಟ್ಟಗೆ ಇಳಿದಿತ್ತು. ಕಂಡಕ್ಟರ್ “ಕುಂದರ್ರಿ, ಜಗಾ ಐತಲ್ಲ” ಎಂದ. “ಇರ್ಲಿ ಬಿಡ್ರಿ” ಎಂದೆ. ಕಾಲೇಜಿನಲ್ಲಿ ಹೊತ್ತಾಯಿತೆಂದು ಗಂಟೆ ಬಾರಿಸಲು ಕೈ ಚಾಚಿದಾಗಲೆಲ್ಲ ಮೈ ಹಗುರಾಗಿತ್ತು. ಇಷ್ಟು ಸಣ್ಣ ಸುಖವನ್ನು ಇಷ್ಟು ವರ್ಷ ಮಡಚಿಟ್ಟಿದ್ದರಲ್ಲ ಎಂದು ಅಲ್ಲೂ ಸಿಟ್ಟು ಬಂತು. ಮುಂದೆ ಮಾತಾಡುತ್ತಿದ್ದ ಹುಡುಗ ನನ್ನ ಮುಖ ನೋಡಿ ತೊದಲಿದ.

ಮುಂದಿನ ಭಾನುವಾರ ಸೀರೆ ಎತ್ತಿಡಲು ಟ್ರಂಕು ತೆರೆದೆ. ಅವ್ವನ ನೇರಳೆ ಜಂಪರಿನ ಮಡಿಕೆಯೊಳಗೆ ನನ್ನ ಹಸಿರು ಪಟ್ಟಿಗಳನ್ನು ಸುರುಳಿ ಸುತ್ತಿ ಇಟ್ಟಿದ್ದಳು. ತೆಗೆದುಕೊಂಡು ಅಡುಗೆಮನೆಗೆ ಹೋದೆ.

“ಇವನ್ಯಾಕ ಇಟ್ಟೀಬೇ?”

“ಮುಂದ ಬೇಕಾಗ್ತಾವು.”

“ಎಷ್ಟು ಸರ್ತಿ ಹೇಳ್ಲಿ? ನಾ ದಪ್ಪ ಆಗಂಗಿಲ್ಲ!”

“ನಿನಗಂತ ಯಾರಂದ್ರು?” ಅವ್ವ ನನ್ನ ಕಡೆ ತಿರುಗಲೂ ಇಲ್ಲ. “ನಾ ಆಗ್ತೇನೇನೋ. ಯಾರಿಗ್ಗೊತ್ತು.”

ಒಲೆಯ ಪಕ್ಕ ಅವಳ ತಾಟು ಇರಲಿಲ್ಲ. ಅವಳಿಗೆ ತಾಟು ಹಾಕುವ ರೂಢಿಯೇ ಇಲ್ಲ. ಒಂದು ತಾಟು ತಂದು ನೆಲಕ್ಕೆ ಕುಕ್ಕಿ, ಎರಡು ಬಿಸಿ ರೊಟ್ಟಿ ಹಾಕಿ, ಬೆಣ್ಣೆಯ ಗಡಿಗೆ ಪಕ್ಕಕ್ಕೆಳೆದೆ.

“ಹಂಗಾದ್ರ ಕುಂದ್ರು. ಮದ್ಲ ನೀ ಉಣ್ಣು” ಎಂದೆ. ಜಗಳದ ದನಿಯಲ್ಲೇ ಎಂದೆ.