ಎರಡನೇ ದಿನದ ರಕ್ತ

೧೯೮೪ರಲ್ಲಿ ನಾನು ಗದಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದವನು ನಾನೇ ಮೊದಲು. ಆ ಹೆಮ್ಮೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಇತ್ತು.

ಆ ಬೇಸಿಗೆಯಲ್ಲಿ ಬೆಳ್ಳಟ್ಟಿಯ ಫಕೀರಪ್ಪ ನಮ್ಮಲ್ಲಿ ದಾಖಲಾದ. ಒಕ್ಕಲುತನದ ಜೊತೆಗೆ ಕಪ್ಪತಗುಡ್ಡದಲ್ಲಿ ಜೇನು ಬಿಡಿಸುವವನು. ಎಷ್ಟೋ ಸಲ ಕಚ್ಚಿಸಿಕೊಂಡವನಿಗೆ ಈ ಸಲ ಒಂದೇ ಹುಳ ಕಚ್ಚಿ, ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿತ್ತು. ಶಿರಹಟ್ಟಿಯಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟು ಜೀವ ಉಳಿಸಿ ಕಳಿಸಿದ್ದರು.

ಜೇನಿನ ವಿಷಕ್ಕೆ ಮೈ ಹೀಗೆ ಮುನಿಯುವವರ ರಕ್ತದಲ್ಲಿ ಐಜಿಇ ಎಂಬ ಆ್ಯಂಟಿಬಾಡಿ ಇರುತ್ತದೆ. ಅದನ್ನು ಅಳೆಯಲು ಸೀರಮ್, ಅಂದರೆ ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿಯನ್ನು, ಬರ್ಫಿನ ಗಡ್ಡೆ ತುಂಬಿದ ಥರ್ಮಾಸಿನಲ್ಲಿ ಮುಂಬಯಿಗೆ ಕಳಿಸಬೇಕಿತ್ತು. ಡಾಕ್ಟರು ಕೇಸ್ ಪೇಪರಿನಲ್ಲಿ 'ಆರು ವಾರದ ಮೇಲೆ' ಎಂದು ಬರೆದಿದ್ದರು. ಹಳ್ಳಿಯವರು ಮನೆಗೆ ಹೋದರೆ ತಿರುಗಿ ಬರುವುದಿಲ್ಲವೆಂದು, ಕಾಟಿನ ಮೇಲಿರುವಾಗಲೇ ಎಲ್ಲ ರಕ್ತ ತೆಗೆದಿಡುವುದು ನನ್ನ ರೂಢಿ. ಎರಡನೇ ದಿನವೇ ತೆಗೆದೆ. ಯಾವತ್ತು ತೆಗೆದರೇನು, ರಕ್ತ ಅದೇ ಅಲ್ಲವೇ ಎಂದುಕೊಂಡೆ.

ರಿಪೋರ್ಟ್ ಬಂತು: ನೆಗೆಟಿವ್. ಡಾಕ್ಟರು ರಜೆಯಲ್ಲಿದ್ದರು. ಕೇಳಲು ಬಂದ ಫಕೀರಪ್ಪನಿಗೆ ನಾನೇ ಹೇಳಿದೆ: "ರಕ್ತದಾಗ ಏನೂ ಇಲ್ಲ."

ಅವನು ನಕ್ಕ. "ನಾ ಮೊದ್ಲ ಹೇಳಿದ್ದಿಲ್ಲೇನ್ರಿ? ಜೇನಿಗೂ ನಮಗೂ ಬೀಗತನ ಐತಿ. ಬೀಗರು ಸಿಟ್ಟಾಗ್ತಾರ, ಕೊಲ್ಲಂಗಿಲ್ಲ."

ಮೂರು ದಿನದ ಮೇಲೆ ಬಂದ ಡಾಕ್ಟರು ಕಾಗದ ನೋಡಿದರು. "ರಕ್ತ ಯಾವಾಗ ತಗದಿ?" ಹೇಳಿದೆ. ಪೆನ್ನು ಕೆಳಗಿಟ್ಟರು. "ಅಲ್ಲಪಾ, ಕಚ್ಚಿದ ಹೊಸತರಾಗ ಆ್ಯಂಟಿಬಾಡಿ ಖರ್ಚಾಗಿ ಹೋಗಿರ್ತಾವ, ಸಿಗಂಗಿಲ್ಲ. ಮತ್ತೊಂದು ಹುಳ ಕಚ್ಚಿದ್ರ ಅಂವಾ ಗುಡ್ಡದಾಗ ಸಾಯ್ತಾನ. ಜಲ್ದಿ ಹೋಗು."

ಬಸ್ಸು ಹಿಡಿದು ಬೆಳ್ಳಟ್ಟಿ ಮುಟ್ಟಿದಾಗ ಅವನ ಅಂಗಳದಲ್ಲಿ ನಾಲ್ಕಾರು ಮಂದಿ ಹಗ್ಗ, ಕೊಡ ಹೊಂದಿಸುತ್ತಿದ್ದರು. ಮರುದಿನ ಗುಡ್ಡಕ್ಕೆ ಹೊರಡುವವರು. "ಹೋಗಬ್ಯಾಡ್ರಿ" ಎಂದೆ.

ಅವನ ಹೆಂಡತಿ ಗಂಗವ್ವ ಎದುರು ನಿಂತಳು. "ಏನೂ ಇಲ್ಲ ಅಂದಾವ್ರೂ ನೀವ, ಬ್ಯಾಡ ಅನ್ನಾವ್ರೂ ನೀವ. ಸಾಲಿ ಕಲತವ್ರ ಯಾವ ಮಾತು ಖರೆ ಅನ್ನಬೇಕ್ರಿ?"

ತಪ್ಪನ್ನು ಮುಂಬಯಿ ಲ್ಯಾಬಿನ ಮೇಲೆ ಹಾಕುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ಮುಂಬಯಿಯವರು ಬರದದ್ದು ಬರೋಬರಿ ಐತ್ರಿ. ತಪ್ಪು ನಂದು. ಡಾಕ್ಟರು ಆರು ವಾರ ತಡಿ ಅಂದಿದ್ರು, ನಾ ತಡೀಲಿಲ್ಲ."

ಫಕೀರಪ್ಪ ನನ್ನನ್ನೇ ನೋಡಿ, ಹಗ್ಗವನ್ನು ತಮ್ಮನ ಕೈಗೆ ಕೊಟ್ಟ. "ಇಷ್ಟು ಮಂದ್ಯಾಗ ತಪ್ಪು ಒಪ್ಪಾಕ ಬಂದಾರಂದ್ರ ಖರೇನ ಇರಬೇಕು. ಕುಂಡ್ರಿ, ಚಾ ಕುಡೀರಿ."

ಆರು ವಾರ ತುಂಬಿದ ಮೇಲೆ ಅವನೇ ಬಂದು ತೋಳು ಚಾಚಿದ. ಈ ಸಲ ರಿಪೋರ್ಟ್ ಪಾಸಿಟಿವ್. ಅವನು ಮತ್ತೆ ಗುಡ್ಡ ಹತ್ತಲಿಲ್ಲ.

ನಾನು ನಿವೃತ್ತನಾಗುವವರೆಗೂ, ಕಾಣದ್ದನ್ನು ಇಲ್ಲವೆಂದು ಮತ್ತೆ ಯಾರಿಗೂ ಹೇಳಲಿಲ್ಲ.