ಗೌರಿಯ ಮಡಿಲಕ್ಕಿ

ತೆಂಗಿನ ಮರದ ತುದಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುವುದೆಂದರೆ ಕೆಂಚಪ್ಪನವರಿಗೆ ಜಗಲಿಯ ಮೇಲೆ ಕೂತಷ್ಟೇ ಸಲೀಸು. ಅಲ್ಲಿಂದಲೇ ಗಂಟೆಗಟ್ಟಲೆ ಮಾತು. ಮರ ಹತ್ತಲು ಬಾರದ ನಾನು ಬುಡದಲ್ಲಿ ನಿಂತು ಕತ್ತು ನೋಯಿಸಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಮಾತು. ತೆಂಗಿನ ತಳಿ ಸಂಶೋಧನೆಗೆ ಆಗಷ್ಟೇ ಸೇರಿದ್ದೆ. ತುರುವೇಕೆರೆ ಬಳಿಯ ಅವರ ತೋಟದಲ್ಲಿ ಗೌರಿ ಎಂಬ ಎತ್ತರದ ಮರವಿತ್ತು. ಮಳೆ ಕೈಕೊಟ್ಟ ವರ್ಷವೂ ಅದರ ಗೊನೆ ಬಡವಾಗುತ್ತಿರಲಿಲ್ಲ. ಅದಕ್ಕೆ ಗಿಡ್ಡ ತಳಿಯ ಪರಾಗ ಹಾಕಿ ಹೊಸ ತಳಿ ಪಡೆಯಬೇಕು. ಬೇಸಿಗೆ ಮುಗಿಯುವುದರೊಳಗೆ ಕಾಯಿ ಕಟ್ಟದಿದ್ದರೆ ನನ್ನನ್ನು ಕಚೇರಿಯ ಕಡತಗಳಿಗೆ ಕಟ್ಟಿಹಾಕುವುದಾಗಿ ನಮ್ಮ ಸಾಹೇಬರು ಹೇಳಿಯಾಗಿತ್ತು.

ವಿಷಯ ಕೇಳಿದ ಕೆಂಚಪ್ಪನವರು ಅಗಿಯುವುದನ್ನು ನಿಲ್ಲಿಸಿದರು. "ಹಂಗಂದ್ರೆ ನೀವು ಗಂಡಿನ ಕಡೇರು. ಹುಡುಗ ಎಷ್ಟು ಎತ್ರ?"

"ಸ್ವಲ್ಪ ಕುಳ್ಳ," ಎಂದೆ.

"ನಮ್ ಗೌರಿ ಮುಗಿಲುದ್ದ ಅವಳೆ ಕಣ್ರೀ. ಹೋಗ್ಲಿ ಬುಡಿ, ಮನೆತನ ಚೆನ್ನಾಗಿದ್ರೆ ಸಾಕು."

ಅಂದಿನಿಂದ ನಾನು 'ಬೀಗ್ರೇ'. ತಪಾಸಣೆಗೆ ಬಂದ ಸಾಹೇಬರನ್ನು ಕೆಂಚಪ್ಪನವರು ತಮ್ಮ ಹೆಂಡತಿ ಸಣ್ಣಮ್ಮನಿಗೆ "ಗಂಡಿನ ದೊಡ್ಡಪ್ಪ" ಎಂದು ಪರಿಚಯಿಸಿದರು. ಆಕೆ ಕಾಲಿಗೆ ನೀರು ಕೊಟ್ಟು ಒಬ್ಬಟ್ಟು ಬಡಿಸಿದರು. ಸಾಹೇಬರು ಮೂರು ತಿಂದು, ಯಾರ ಮದುವೆ ಎಂದು ದಾರಿಯಲ್ಲಿ ನನ್ನನ್ನು ಕೇಳಿದರು.

ಕೆಲಸದಲ್ಲಿ ಮಾತ್ರ ಕೆಂಚಪ್ಪನವರು ಅಚ್ಚುಕಟ್ಟು. ಹೊಂಬಾಳೆಯ ಗಂಡು ಹೂಗಳನ್ನೆಲ್ಲ ಕಿತ್ತು, ಉಳಿದ ಹೆಣ್ಣು ಹೂಗಳಿಗೆ ಬಟ್ಟೆಯ ಚೀಲ ಕಟ್ಟಿ, ಅವು ಅರಳಿದಾಗ ನಾನು ತಂದ ಪರಾಗ ಊದುತ್ತಿದ್ದರು. ಚೀಲದೊಳಗೆ ಒಂದು ಇರುವೆಯೂ ಹೋಗಬಾರದು, ಹೋದರೆ ಬೇರೆ ಮರದ ಪರಾಗ ತರುತ್ತದೆ ಎಂದು ಗಿಣಿಗೆ ಹೇಳಿದಂತೆ ಹೇಳಿದ್ದೆ. ಕೆಲವು ದಿನ ಬಿಟ್ಟು ಚೀಲ ಇಳಿಸಿದರೆ ಒಳಗೆ ಅಕ್ಕಿ, ಬೆಲ್ಲ, ಇರುವೆಗಳ ದಿಬ್ಬಣ.

"ಇದೇನ್ರೀ?"

"ಮಡ್ಲಕ್ಕಿ. ಬರೀ ಮಡ್ಲಲ್ಲಿ ಹೆಣ್ಣು ಕಳ್ಸಾಕಾಯ್ತದಾ?"

ಆ ಹೊಂಬಾಳೆ ಲೆಕ್ಕಕ್ಕಿಲ್ಲದಂತಾಯಿತು. ಬೇಸಿಗೆಗೆ ಉಳಿದಿದ್ದು ಇನ್ನೊಂದೇ. ನಾನು ಅಳುವುದೊಂದು ಬಾಕಿ. ಕೆಂಚಪ್ಪನವರು ಪಕ್ಕದಲ್ಲಿ ಬಂದು ಕೂತು, "ತಪ್ಪಾಯ್ತು ಬೀಗ್ರೇ. ಇನ್ನೊಂದ್ ಲಗ್ನ ಮಾಡಾನ," ಎಂದರು.

ಎರಡನೆಯ ಹೊಂಬಾಳೆಗೆ ಚೀಲ ಕಟ್ಟಿದ್ದರೂ, ಅದರ ಹೂಗಳು ಅರಳಿದಷ್ಟು ದಿನವೂ ಅವರು ಬೆಳಗಿನಿಂದ ಸಂಜೆವರೆಗೆ ಮರದ ಮೇಲೇ ಕೂತು, ಟವೆಲಿನಿಂದ ಇರುವೆ, ಜೇನುನೊಣ ಓಡಿಸಿದರು. ಮುದ್ದೆ ಹಗ್ಗದಲ್ಲಿ ಮೇಲಕ್ಕೆ ಹೋಗುತ್ತಿತ್ತು. ಮಡಿಲಕ್ಕಿ ಈ ಸಲ ಸಣ್ಣಮ್ಮನ ಮಡಿಲಲ್ಲೇ ಉಳಿಯಿತು. ಹನ್ನೊಂದು ಕಾಯಿ ಕಟ್ಟಿದವು. ನಾನು ಕಡತಗಳಿಂದ ಪಾರಾದೆ.

ಅವುಗಳ ಸಸಿಯಲ್ಲಿ ಒಂದನ್ನು ಅವರ ಹಿತ್ತಲಲ್ಲೇ ನೆಟ್ಟೆವು. ಕೆಲವು ವರ್ಷಗಳ ನಂತರ ಕಡೆಯ ಸಲ ಭೇಟಿಯಾದಾಗ ಅವರ ಮಂಡಿ ಸೋತಿತ್ತು, ಮರ ಹತ್ತುವುದು ನಿಂತಿತ್ತು. ಹಿತ್ತಲಿಗೆ ಕರೆದೊಯ್ದು, ನಿಂತಲ್ಲಿಂದಲೇ ಕೈಯೆತ್ತಿ ಎಳನೀರು ಕಿತ್ತುಕೊಟ್ಟರು. "ಮೊಮ್ಮಗಳು ನಂಗೋಸ್ಕರ ಕುಳ್ಳುಗವಳೆ ಕಣ್ರೀ." ನಾನು ಎಳನೀರನ್ನು ಕೊನೆಯ ಹನಿಯವರೆಗೂ ಕುಡಿದೆ.

ಅವರು ಹೋದ ಮೇಲೆ ಸಣ್ಣಮ್ಮನನ್ನು ನೋಡಲು ಹೋದೆ. ಹೊರಡುವಾಗ ಆಕೆ ಅಕ್ಕಿ ಬೆಲ್ಲದ ಗಂಟೊಂದನ್ನು ನನ್ನ ಚೀಲಕ್ಕೆ ಹಾಕಿದರು. "ಗೌರಿಗೆ ಕಟ್ಟೋರಿಲ್ಲ. ನೀವೇ ತಗಂಡೋಗಿ ಬೀಗ್ರೇ."

ಬಸ್ಸು ತಿಪಟೂರು ತಲುಪುವಷ್ಟರಲ್ಲಿ ಚೀಲಕ್ಕೆ ಇರುವೆ ಹತ್ತಿತ್ತು. ನಾನು ಕೊಡವಲಿಲ್ಲ.